ಸೈಕಲ್ ಅಂಗಡಿ: ಸಾಲಕ್ಕೆ ಮೊದಲು ಲೆಕ್ಕ

(ಬಂದರ್ ಪರಿಸರದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಸಾರಾಂಶ)



ಕಳೆದ ಸಭೆಯಲ್ಲಿ ನಿಮ್ಮಲ್ಲೊಬ್ಬರು, "ಸಿಸ್ಟರ್, ಸೈಕಲ್ ಅಂಗಡಿ ಇಡಬೇಕೂಂತ ಉಂಟು, ಸಂಘದಿಂದ ಸಾಲ ಸಿಗಬಹುದಾ?" ಎಂದು ಕೇಳಿದರು. ಹೆಂಗಸರು ಪಂಕ್ಚರ್ ಹಾಕುವುದಾ ಎಂದು ಕೆಲವರು ನಕ್ಕರು. ನಗುವ ವಿಷಯ ಅಲ್ಲ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವ ಕೈಗೆ ಸೈಕಲ್ ದೊಡ್ಡದಲ್ಲ. ಆದರೆ ಸಾಲಕ್ಕೆ ಮೊದಲು ಲೆಕ್ಕ ಬೇಕು.

ಬೇರೊಂದು ಸಂಘದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ಸಹೋದರಿ 40,000 ರೂಪಾಯಿ ಸಾಲ ಪಡೆದರು. ಶಾಲೆ ತೆರೆಯುವ ಸಮಯ ಎಂದು ಮೇ ತಿಂಗಳಲ್ಲಿ 30,000ಕ್ಕೆ ಆರು ಹೊಸ ಸೈಕಲ್ ತಂದು ನಿಲ್ಲಿಸಿದರು. ಎರಡು ಹೋಯಿತು, ಅದೂ ನೆರೆಕರೆಯವರಿಗೆ ಸಾಲವಾಗಿ. ಜೂನಿನಲ್ಲಿ ಮಳೆ ಹಿಡಿಯಿತು. ಸಮುದ್ರದ ಉಪ್ಪುಗಾಳಿಗೆ ಉಳಿದವುಗಳ ಚೈನು, ರಿಮ್ಮು ತುಕ್ಕು ಹಿಡಿಯಿತು. ಕಂತು ನಿಂತಿತು. ಉಳಿದ ಸದಸ್ಯೆಯರು ಮೂರು ತಿಂಗಳು ತಮ್ಮ ಉಳಿತಾಯದಿಂದ ಬ್ಯಾಂಕಿಗೆ ಕಟ್ಟಿದರು. ಜಗಳವಾಗಿ ಸಂಘವೇ ಒಡೆಯುವ ಹಾಗಾಯಿತು. ತಪ್ಪು ಅವರೊಬ್ಬರದ್ದಲ್ಲ. ಲೆಕ್ಕ ಕೇಳದೆ ಸಾಲ ಕೊಟ್ಟ ಸಂಘದ್ದೂ, ಕೇಳಿ ಎಂದು ಹೇಳದ ನನ್ನದೂ ಹೌದು.

ಸಣ್ಣ ಸೈಕಲ್ ಅಂಗಡಿ ನಡೆಯುವುದು ಮಾರಾಟದಿಂದಲ್ಲ, ರಿಪೇರಿಯಿಂದ. ದೊಡ್ಡ ಶೋರೂಮಿನ ದರಕ್ಕೆ, ಆನ್‌ಲೈನ್ ದರಕ್ಕೆ ಮಾರಲು ನಮ್ಮಿಂದ ಆಗುವುದಿಲ್ಲ. ಆದರೆ ಅಲ್ಲಿಂದ ತಂದ ಸೈಕಲಿನ ಟಯರೂ ಪಂಕ್ಚರ್ ಆಗ್ತದೆ, ಬ್ರೇಕೂ ಸವೆಯುತ್ತದೆ. ಅದಕ್ಕೆ ಹತ್ತಿರದ ಅಂಗಡಿಯೇ ಬೇಕಲ್ಲ?

ಒಂದು ಲೆಕ್ಕ ನೋಡುವ. ಬಾಡಿಗೆ 3,000, ಕರೆಂಟ್ 300, ಸಾಲದ ಕಂತು 1,500 ಎಂದು ಇಟ್ಟುಕೊಳ್ಳಿ. ತಿಂಗಳಿಗೆ 4,800 ರೂಪಾಯಿ. 26 ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 185. ಒಂದು ಪಂಕ್ಚರಿಗೆ ಖರ್ಚು ಕಳೆದು 40 ರೂಪಾಯಿ ಉಳಿದರೆ, ದಿನಕ್ಕೆ ಐದು ಪಂಕ್ಚರ್ ಹಾಕಿದ ಮೇಲೆಯೇ ನಿಮ್ಮ ಕೂಲಿ ಶುರು. ಈ ಲೆಕ್ಕವನ್ನು ನಿಮ್ಮ ಬೀದಿಯ ಬಾಡಿಗೆ, ದರ ಹಾಕಿ ನೀವೇ ಮಾಡಿ.

ನೆನಪಿಡಬೇಕಾದ ವಿಷಯಗಳು:

1. ಮೊದಲು ಅನುಭವಸ್ಥರ ಅಂಗಡಿಯಲ್ಲಿ ಕೆಲವು ತಿಂಗಳು ಕೆಲಸ ಕಲಿಯಿರಿ. ಚಕ್ರದ ಬೆಂಡ್ ತೆಗೆಯುವುದು ನೋಡಿದಷ್ಟು ಸುಲಭ ಅಲ್ಲ.

2. ಒಂದು ವಾರ ನಿಮ್ಮ ಓಣಿಯ ಸೈಕಲ್‌ಗಳನ್ನು ಎಣಿಸಿ. 16, 20, 24, 26 ಇಂಚು, ಯಾವುದು ಎಷ್ಟು ಉಂಟು ಎಂದು ಬರೆಯಿರಿ. ಅದಕ್ಕೆ ಬೇಕಾದ ಟ್ಯೂಬ್, ಟಯರ್ ಮಾತ್ರ ತನ್ನಿ.

3. ಮಳೆಗಾಲದಲ್ಲಿ ಗಿರಾಕಿ ಕಡಿಮೆ. ಬೇಸಿಗೆಯಲ್ಲೇ ಎರಡು ಕಂತಿನ ಹಣ ತೆಗೆದಿಡಿ. ಚೈನಿಗೆ ಎಣ್ಣೆ ಬಿಡಿ, ರಿಮ್ಮಿಗೆ ಬೇಡ, ಬ್ರೇಕ್ ಹಿಡಿಯುವುದಿಲ್ಲ.

4. ಅಂಗಡಿಯ ಹಣಕ್ಕೆ ಒಂದು ಡಬ್ಬಿ, ಮನೆಯ ಹಣಕ್ಕೆ ಒಂದು ಡಬ್ಬಿ. ಮೀನಿಗೆ, ಮದುವೆಗೆ ಅಂಗಡಿ ಡಬ್ಬಿಗೆ ಕೈ ಹಾಕಬೇಡಿ.

5. ಮಹಾನಗರಪಾಲಿಕೆಯ ಉದ್ದಿಮೆ ಪರವಾನಿಗೆ ಮಾಡಿಸಿ. ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಸಾಲ ಉಂಟು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ. ಮಾಲು ತರುವಾಗ ಬಿಲ್ ಕೇಳಿ ನೋಡಿಕೊಳ್ಳಿ.

ಆ ಸಹೋದರಿ ಏನಾದರು ಎಂದು ಕೇಳುತ್ತೀರಿ. ನಾಲ್ಕು ಸೈಕಲನ್ನೂ ನಷ್ಟಕ್ಕೆ ಮಾರಿದರು. ಗಂಡನಿಂದ ಕೆಲಸ ಕಲಿತು ಇಬ್ಬರೂ ರಿಪೇರಿಗೆ ಕೂತರು. ಸಾಲ ತೀರಲು ಎರಡು ವರ್ಷ ಹಿಡಿಯಿತು, ಆದರೆ ತೀರಿತು. ಸದಸ್ಯೆಯರ ಉಳಿತಾಯದ ಹಣವೂ ಹಿಂದೆ ಬಂತು. ಸಂಘ ಉಳಿಯಿತು.

ಆದ್ದರಿಂದ ಸಾಲ ಕೇಳಿದವರಿಗೆ ಕೂಡಲೇ ಇಲ್ಲ ಎನ್ನಬೇಡಿ, ಕೂಡಲೇ ಆಯ್ತು ಎಂದೂ ಹೇಳಬೇಡಿ. ಅಂಗಡಿ ಇಡಬೇಕೆಂದ ನಮ್ಮ ಸಹೋದರಿ ಮುಂದಿನ ಸಭೆಗೆ ತಮ್ಮ ಓಣಿಯ ಸೈಕಲ್‌ಗಳ ಪಟ್ಟಿ ತರಲಿ. ಎಲ್ಲರೂ ಕೂತು ನೋಡುವ.