ಕೆಸರಿನಲ್ಲಿ ಹೂತ ಗಾಡಿಗೆ ಎಂಥ ಜಾಕ್ ಬೇಕು?
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಸಿ ಎರೆ ನೆಲದಲ್ಲಿ ಗಾಲಿ ಹೂತರೆ ಏನು ಪಾಡೆಂಬುದನ್ನು ನಿಮಗೆ ನಾನು ಹೇಳಬೇಕಾದ್ದಿಲ್ಲ. ಎತ್ತಿನ ಬಂಡಿಯಾದರೆ ನಾಲ್ಕು ಜನ ಹೆಗಲು ಕೊಟ್ಟು ಎತ್ತಬಹುದು. ಇಂದು ಹೊಲದ ದಾರಿಯಲ್ಲಿ ಓಡುವುದು ಪಿಕಪ್ಪು, ಜೀಪು. ಅವುಗಳ ಭಾರಕ್ಕೆ ಹೆಗಲು ಸಾಲದು, ಜಾಕ್ ಬೇಕು. ಎಂಥ ಜಾಕ್ ಕೊಳ್ಳಬೇಕು ಎಂಬುದೇ ಇಂದಿನ ಮಾತು.

ಮೊದಲು ನಾನು ಕಣ್ಣಾರೆ ಕಂಡ ಸಂಗತಿ. ಮಳೆ ಬಿದ್ದ ಮರುದಿನ, ಉಳ್ಳಾಗಡ್ಡಿ ಹೇರಿದ ಪಿಕಪ್ಪೊಂದು ಹೊಲದ ದಾರಿಯಲ್ಲಿ ಹೂತಿತು. ಚಾಲಕನ ಬಳಿ ಐದು ಟನ್ನಿನ ಹೊಸ ಜಾಕ್ ಇತ್ತು. ಹಿಡಿಕೆ ಒತ್ತಿದಷ್ಟೂ ಗಾಡಿ ಏಳಲಿಲ್ಲ, ಜಾಕೇ ಕೆಸರಿಗೆ ಇಳಿಯಿತು. ಹಾಗೂ ಹೀಗೂ ಗೇಣುದ್ದ ಎದ್ದಾಗ, ಗಾಲಿಯಡಿಗೆ ಕಲ್ಲಿಡಲು ಹುಡುಗನೊಬ್ಬ ಗಾಡಿಯ ಕೆಳಗೆ ತೂರಿದ. ಅವನು ಹೊರಬಂದದ್ದೇ ತಡ, ಜಾಕ್ ವಾಲಿ ಗಾಡಿ ಕುಸಿಯಿತು. “ಹತ್ತು ಟನ್ನಿನದು ತರಬೇಕಿತ್ತು” ಎಂದ ಚಾಲಕ. ಅಲ್ಲ. ಅಲ್ಲಿ ಕಡಿಮೆಯಾದದ್ದು ಟನ್ನಲ್ಲ, ಜಾಕಿನಡಿಗೆ ಒಂದು ಹಲಗೆ.

ಲೆಕ್ಕ ಹಾಕಿ ನೋಡಿ. ಹೇರೂ ಸೇರಿ ಮೂರು ಟನ್ ತೂಗುವ ಪಿಕಪ್ಪಿನ ಒಂದು ಹಿಂದಿನ ಗಾಲಿಯ ಮೇಲೆ ಸುಮಾರು 1000 ಕಿಲೋ ಬೀಳುತ್ತದೆ. ಜಾಕಿನ ತಳ 10 ಸೆಂಟಿಮೀಟರ್ ಚೌಕವಿದ್ದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 10 ಕಿಲೋ ಒತ್ತಡವಾಯಿತು. ಒದ್ದೆಯಾದ ಮೆತ್ತನೆ ಜೇಡಿ ಮಣ್ಣು ಒಂದು ಕಿಲೋ ಹೊರುವುದೇ ಕಷ್ಟ. ಅದೇ ಜಾಕಿನಡಿಗೆ 45 ಸೆಂಟಿಮೀಟರ್ ಚೌಕದ ಗಟ್ಟಿ ಹಲಗೆ ಇಟ್ಟರೆ ಒತ್ತಡ ಅರ್ಧ ಕಿಲೋಗೆ ಇಳಿಯುತ್ತದೆ. ಆದುದರಿಂದ ಜಾಕ್ ಕೊಳ್ಳುವ ಮೊದಲೇ ಎರಡು ಅಂಗುಲ ದಪ್ಪದ ಹಲಗೆ ಮಾಡಿಸಿಕೊಳ್ಳಿ. ಜಾಕ್ ಕೂರುವ ನಡುಭಾಗಕ್ಕೆ ಕಬ್ಬಿಣದ ತಗಡು ಹೊಡೆಸಿ.

ಇನ್ನು ಜಾಕಿನ ಬಗೆಗಳು. ಗಾಡಿಯ ಜೊತೆಗೇ ಬರುವ, ಕತ್ತರಿಯಂತೆ ಏಳುವ ತಿರುಪಿನ ಜಾಕ್ ಗಟ್ಟಿ ರಸ್ತೆಯಲ್ಲಿ ಗಾಲಿ ಬದಲಿಸಲು ಸರಿ. ಕೆಸರಿಗೆ ಅದರ ತಳವೂ ಸಾಲದು, ಎತ್ತರವೂ ಸಾಲದು.

ಎರಡನೆಯದು ಎಣ್ಣೆಯ ಬಾಟಲಿ ಜಾಕ್. ಸಣ್ಣ ಕೊಳವೆಯಲ್ಲಿ ಒತ್ತಿದ ಎಣ್ಣೆ ದೊಡ್ಡ ಕೊಳವೆಯ ದಂಡವನ್ನು ಎತ್ತುತ್ತದೆ. ಕಡಿಮೆ ಶ್ರಮದಲ್ಲಿ ಹೆಚ್ಚು ಭಾರ ಎತ್ತುವುದು ಇದರ ಗುಣ. ಆದರೆ ಇದನ್ನು ನೆಟ್ಟಗೇ ನಿಲ್ಲಿಸಬೇಕು. ಆಕ್ಸಲ್ ನೆಲಕ್ಕೆ ಕೂತಿದ್ದರೆ ಜಾಕಿಗೂ ಹಲಗೆಗೂ ಜಾಗವಾಗುವಷ್ಟು ಮಣ್ಣು ತೆಗೆಯಬೇಕು. ಎಣ್ಣೆ ಕಡಿಮೆಯಾದರೆ ಜಾಕಿನ ಎಣ್ಣೆಯನ್ನೇ ಹಾಕಿ. ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಕೆಡುತ್ತದೆ.

ಮೂರನೆಯದು ತೂತುಗಳಿರುವ ಉದ್ದನೆಯ ಉಕ್ಕಿನ ಕಂಬವನ್ನು ಹಂತಹಂತವಾಗಿ ಏರುವ ಎತ್ತರದ ಜಾಕ್. ನಾಲ್ಕು ಅಡಿಯ ಕಂಬದ್ದು ಸಾಮಾನ್ಯ. ಅಗೆಯುವ ಕೆಲಸವಿಲ್ಲದೆ ಗಾಲಿಯನ್ನು ಗುಂಡಿಯಿಂದ ಪೂರ್ತಿ ಮೇಲೆತ್ತುತ್ತದೆ. ಆದರೆ ಇದು ಕಚ್ಚಿ ಹಿಡಿಯಲು ಕಬ್ಬಿಣದ ಗಟ್ಟಿ ಬಂಪರ್ ಇರಬೇಕು. ಪ್ಲಾಸ್ಟಿಕ್ ಬಂಪರಿನ ಗಾಡಿಗೆ ಬೇಡ. ಎತ್ತರಕ್ಕೆ ಏರಿದಂತೆ ಪಕ್ಕಕ್ಕೆ ವಾಲುವ ಭಯ ಹೆಚ್ಚು. ಇಳಿಸುವಾಗ ಹಿಡಿಕೆ ಕೈಜಾರಿದರೆ ರಭಸದಿಂದ ಹಾರಿ ದವಡೆ ಒಡೆಯಬಲ್ಲದು. ತಲೆಯನ್ನು ಹಿಡಿಕೆಯ ದಾರಿಯಿಂದ ದೂರವಿಡಿ, ಕೈ ಸಡಿಲಿಸಬೇಡಿ. ಕೆಲಸ ಮುಗಿದ ಮೇಲೆ ಮಣ್ಣು ತೊಳೆದು, ಒರೆಸಿ, ಎಣ್ಣೆ ಬಿಡಿ. ಮಣ್ಣು ಕೂತರೆ ಅದರ ಪಿನ್ನು ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಯಾವುದು? ಮಾಮೂಲಿ ಪಿಕಪ್ಪಿಗೆ ಐದು ಟನ್ನಿನ ಬಾಟಲಿ ಜಾಕ್, ಹಲಗೆ, ಒಂದು ಸಲಿಕೆ ಇಷ್ಟಿದ್ದರೆ ಸಾಕು. ಉಕ್ಕಿನ ಬಂಪರಿನ ಜೀಪಿಗೆ, ಬಳಸಿ ಪಳಗಿದ ಕೈಗೆ, ಎತ್ತರದ ಜಾಕ್ ಒಳ್ಳೆಯದು. ಯಾವುದನ್ನೇ ಕೊಳ್ಳಿ, ಎತ್ತಬೇಕಾದ ಭಾರದ ಒಂದೂವರೆ ಪಟ್ಟಾದರೂ ಅದರ ಮೇಲೆ ಬರೆದಿರಲಿ. ಕೆಸರು ಗಾಲಿಯನ್ನು ಹಿಡಿದೆಳೆಯುತ್ತದೆ. ಅಂಗಡಿಯಲ್ಲೇ ಗಾಡಿಯಡಿಗೆ ಇಟ್ಟು, ಎತ್ತಿ, ಇಳಿಸಿ ನೋಡಿ ದುಡ್ಡು ಕೊಡಿ.

ಬಳಸುವ ಕ್ರಮವೂ ನೆನಪಿರಲಿ. ಮೊದಲು ಹೇರು ಇಳಿಸಿ, ಜನರನ್ನು ಇಳಿಸಿ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹೂತಿಲ್ಲದ ಗಾಲಿಗಳಿಗೆ ಕಲ್ಲು ಕೊಡಿ. ಜಾಕಿನಿಂದ ಗಾಲಿ ಎತ್ತಿ, ಗುಂಡಿಗೆ ಕಲ್ಲು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ತುಂಬಿ. ತುಂಬುವುದಕ್ಕೆ ಸಲಿಕೆ ಅಥವಾ ಉದ್ದನೆಯ ಕೋಲು ಬಳಸಿ, ಕೈಯನ್ನಲ್ಲ. ಆಮೇಲೆ ಗಾಲಿಯನ್ನು ಅದರ ಮೇಲೆ ಇಳಿಸಿ, ಜಾಕ್ ತೆಗೆದು, ಮೆಲ್ಲಗೆ ಗಾಡಿ ನಡೆಸಿ. ಜಾಕ್ ಗಾಡಿಯನ್ನು ಎತ್ತುವ ಸಾಧನ, ಹೊತ್ತು ನಿಲ್ಲುವ ಕಂಬವಲ್ಲ. ಅದನ್ನು ನಂಬಿ ಯಾರೂ ಗಾಡಿಯ ಕೆಳಗೆ ತಲೆ ಹಾಕಬಾರದು.

ಪ್ರತಿಯೊಬ್ಬರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಓಣಿಗೆ ಒಂದು ಒಳ್ಳೆಯ ಜಾಕ್, ಎರಡು ಹಲಗೆ ನಾಲ್ಕು ಮನೆಯವರು ಕೂಡಿ ಇಟ್ಟುಕೊಳ್ಳಬಹುದು. ಮುಂಗಾರಿಗೆ ಮೊದಲು ಒಂದು ದಿನ ಎಲ್ಲರೂ ಸೇರಿ ಒಣ ನೆಲದಲ್ಲೇ ಅಭ್ಯಾಸ ಮಾಡಿ. ಅಂದು ಪಾರಾದ ಹುಡುಗನಿಗೆ ಇದ್ದ ಅದೃಷ್ಟ ಎಲ್ಲರಿಗೂ ಇರುತ್ತದೆಂದು ಹೇಳಲಾಗದು. ಹಲಗೆಯನ್ನಂತೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು.