ಗುಜರಿ ಸಾಮಾನಿನಿಂದ ಟ್ರಾಕ್ಟರ್ ಟ್ರೇಲರ್: ಕಟ್ಟುವ ಮುನ್ನ ತಿಳಿಯಬೇಕಾದ ವಿಷಯಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಟ್ರಾಕ್ಟರ್ ಕೊಂಡವರಿಗೆ ನೇಗಿಲಿನಷ್ಟೇ ಅಗತ್ಯವಾದ ಇನ್ನೊಂದು ಸಾಧನ ಟ್ರೇಲರ್. ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಹೋಗಬೇಕು, ತೆನೆ ಕಣಕ್ಕೆ ಬರಬೇಕು, ಮೂಟೆ ಪೇಟೆ ಸೇರಬೇಕು. ಹೊಸ ಟ್ರೇಲರಿನ ಬೆಲೆ ಕೈಗೆಟುಕದಿದ್ದಾಗ, ಹಳೆಯ ಲಾರಿಯ ಇರುಸು, ಚಕ್ರ, ಸ್ಪ್ರಿಂಗ್ ಪಟ್ಟಿಗಳನ್ನು ಗುಜರಿಯಲ್ಲಿ ಕೊಂಡು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್ ಕಟ್ಟಿಸುವವರು ಅನೇಕರಿದ್ದಾರೆ. ಇದು ಆಗದ ಕೆಲಸವಲ್ಲ. ಆದರೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರಬೇಕು. ಕಾನೂನು ಇದನ್ನು ಒಪ್ಪುತ್ತದೆಯೇ? ಕಟ್ಟಿದ್ದು ಭಾರ ತಡೆಯುತ್ತದೆಯೇ? ಕಬ್ಬಿಣ ಕತ್ತರಿಸಿದ ಮೇಲೆ ಮೊದಲನೆಯ ಪ್ರಶ್ನೆ ಕೇಳಿ ಪ್ರಯೋಜನವಿಲ್ಲವಾದ್ದರಿಂದ ಅದನ್ನೇ ಮೊದಲು ನೋಡೋಣ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಮೋಟಾರು ವಾಹನ ಎಳೆಯುವ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಎಂಜಿನ್ ಇಲ್ಲವೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಟೈರ್ ಗಾಡಿಯನ್ನು ಎತ್ತು ಎಳೆದರೆ ಅದು ಗಾಡಿ. ಅದೇ ಗಾಡಿಯ ಮೂಕಿ ಕತ್ತರಿಸಿ ಟ್ರಾಕ್ಟರಿಗೆ ಕಟ್ಟಿದರೆ ಅದು ಟ್ರೇಲರ್. ಆದ್ದರಿಂದ ಟ್ರಾಕ್ಟರಿಗೆ ಒಂದು ನೋಂದಣಿ ಸಂಖ್ಯೆ, ಟ್ರೇಲರಿಗೆ ಬೇರೆಯೇ ಒಂದು ಸಂಖ್ಯೆ ಇರಬೇಕು. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸಬಾರದೆಂದು ಕಾಯ್ದೆಯ 39ನೆಯ ಕಲಮು ಹೇಳುತ್ತದೆ. "ನಮ್ಮೂರ ರಸ್ತೆ ತಾನೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನೋಂದಣಿಗೆ ಅರ್ಜಿಯ ಜೊತೆಗೆ ತಯಾರಕರು ಕೊಡುವ ಮಾರಾಟ ಪತ್ರ, ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಹಾಗೂ ವಿಮೆಯ ಪತ್ರ ಬೇಕು. ಮನೆಯಲ್ಲಿ ಕಟ್ಟಿದ ಟ್ರೇಲರಿಗೆ ತೊಡಕಾಗುವುದು ಇಲ್ಲಿಯೇ. ಅನುಮೋದನೆಯಿಲ್ಲದ ಅಂಗಡಿಯವರು ಈ ಪತ್ರಗಳನ್ನು ಕೊಡಲಾರರು. ಆದುದರಿಂದ ಸಾಮಾನು ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ಯಾವ ತಯಾರಕರಿಗೆ ಅನುಮೋದನೆ ಇದೆ, ಹಳೆಯ ಭಾಗ ಬಳಸಿದರೆ ನೋಂದಣಿ ಆಗುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಿರಿ. ಆಗುವುದಿಲ್ಲವೆಂದರೆ ಎರಡು ದಾರಿಗಳುಂಟು. ಚಾಸಿ, ಇರುಸುಗಳನ್ನು ಅನುಮೋದಿತ ತಯಾರಕರಿಂದ ಪತ್ರಸಮೇತ ಕೊಂಡು, ಅವರ ಒಪ್ಪಿಗೆಯಂತೆ ಪೆಟ್ಟಿಗೆಯ ಹಲಗೆ, ತಗಡುಗಳಿಗೆ ಮಾತ್ರ ಹಳೆಯ ಸಾಮಾನು ಬಳಸುವುದು ಒಂದು. ಗುಜರಿ ಇರುಸು ಚಕ್ರಗಳಿಂದ ಎತ್ತಿನ ಟೈರ್ ಗಾಡಿ ಮಾಡಿಸಿ, ಅದನ್ನು ಎತ್ತಿಗೇ ಬಿಡುವುದು ಇನ್ನೊಂದು.

ಗುಜರಿ ಸಾಮಾನಿಗೆ ರಸೀದಿ ತಪ್ಪದೆ ಪಡೆಯಿರಿ. ಚಾಸಿ ಸಂಖ್ಯೆ ಉಜ್ಜಿ ಅಳಿಸಿದ ತುಂಡು ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ. ಕಳವಿನ ಮಾಲಾಗಿದ್ದರೆ ಕೊಂಡವರೂ ಸಿಕ್ಕಿಬೀಳುತ್ತಾರೆ.

ಹಳೆಯ ಭಾಗಗಳ ಪರೀಕ್ಷೆ

ಇರುಸು: ಮಣ್ಣು, ಜಿಡ್ಡು ತೆಗೆದು ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ನಂತರ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿದು, ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಅಂಥ ಇರುಸನ್ನು ವೆಲ್ಡಿಂಗ್ ಮಾಡಿಸಿ ಬಳಸುವ ಆಸೆ ಬೇಡ.

ಸ್ಪ್ರಿಂಗ್ ಪಟ್ಟಿ: ಇದು ಹದ ಹಾಕಿದ ಉಕ್ಕು. ವೆಲ್ಡಿಂಗಿನ ಕಾವು ತಗುಲಿದರೆ ಹದ ಕೆಟ್ಟು, ಭಾರಕ್ಕೆ ಫಟ್ಟನೆ ಮುರಿಯುತ್ತದೆ. ಯು ಬೋಲ್ಟಿನಿಂದ ಬಿಗಿಯಬೇಕೇ ಹೊರತು ಬೆಸೆಯಬಾರದು.

ಬೇರಿಂಗ್: ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟವಿದ್ದರೆ ಬೇರಿಂಗ್ ಬದಲಿಸಿ, ಹೊಸ ಗ್ರೀಸ್ ತುಂಬಿಸಿ.

ಟೈರು: ಪಕ್ಕೆಯಲ್ಲಿ ಬಿರುಕು, ಉಬ್ಬು ಇರಬಾರದು. ತಯಾರಾದ ಕಾಲವನ್ನು ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರವೆಂದು ಅರ್ಥ. ಟೈರು ಹಾಕಿದ ರಿಮ್ಮಿಗೆ ಎಂದಿಗೂ ವೆಲ್ಡಿಂಗ್ ಮಾಡಿಸಬೇಡಿ. ಒಳಗಿನ ಗಾಳಿ ಕಾದು ಟೈರು ಸಿಡಿದರೆ ಎದುರಿಗಿದ್ದವರ ಪ್ರಾಣ ಹೋಗುತ್ತದೆ.

ಮುಂಭಾರ, ಹಿಂಭಾರದ ಲೆಕ್ಕ

ಗಾಡಿ ಹೊಡೆದು ಬಲ್ಲವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಕಣ್ಣಿ ಬಿಗಿಯುತ್ತದೆ. ಮುಂಭಾರ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಎರಡು ಚಕ್ರದ ಟ್ರೇಲರಿನಲ್ಲೂ ಅದೇ ನ್ಯಾಯ. ಹಿಂಭಾರವಾದರೆ ಟ್ರಾಕ್ಟರಿನ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಮುಂಭಾರ ಅತಿಯಾದರೆ ಟ್ರಾಕ್ಟರಿನ ಮೂತಿ ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಒಂದು ಉದಾಹರಣೆ ನೋಡಿ. ಪೆಟ್ಟಿಗೆಯ ಉದ್ದ 3 ಮೀಟರ್, ಕೊಂಡಿಯಿಂದ ಪೆಟ್ಟಿಗೆಯವರೆಗೆ ಮೂಕಿ 1.2 ಮೀಟರ್. ಹೇರು ಸಮನಾಗಿದ್ದರೆ ಭಾರದ ನಡುಬಿಂದು ಕೊಂಡಿಯಿಂದ 2.7 ಮೀಟರ್ ದೂರದಲ್ಲಿ ಇರುತ್ತದೆ. ಇರುಸನ್ನು ಅದಕ್ಕಿಂತ 30 ಸೆಂ.ಮೀ. ಹಿಂದೆ, ಅಂದರೆ ಕೊಂಡಿಯಿಂದ 3 ಮೀಟರ್ ದೂರದಲ್ಲಿಟ್ಟರೆ ಹತ್ತನೆಯ ಒಂದು ಪಾಲು ಭಾರ ಕೊಂಡಿಯ ಮೇಲೆ ಬೀಳುತ್ತದೆ. ಒಟ್ಟು ಭಾರ 25 ಕ್ವಿಂಟಾಲ್ ಆದರೆ ಕೊಂಡಿಗೆ 250 ಕಿಲೊ, ಒಂದೊಂದು ಚಕ್ರಕ್ಕೆ 1,125 ಕಿಲೊ. ನೀವು ಆರಿಸಿದ ಟೈರು, ರಿಮ್ಮು, ಇರುಸು ಇಷ್ಟನ್ನು ಹೊತ್ತು, ಹಳ್ಳದಿಣ್ಣೆಯ ಪೆಟ್ಟಿಗೂ ಮಿಗುವಷ್ಟು ಗಟ್ಟಿಯಾಗಿರಬೇಕು. ಕೃಷಿ ಟ್ರಾಕ್ಟರ್ ಟ್ರೇಲರಿಗೆಂದೇ ಐ.ಎಸ್. 8213 ಎಂಬ ಭಾರತೀಯ ಮಾನಕವಿದೆ; ಅಂಗಡಿಯವರು ಅದನ್ನು ನೋಡಿದ್ದಾರೆಯೇ ಎಂದು ಕೇಳಿ.

ಟ್ರೇಲರನ್ನು ಟ್ರಾಕ್ಟರಿನ ಕೆಳಗಿನ ಕೊಂಡಿಗೇ ಹೂಡಬೇಕು. ಹಿಂದಿನ ಇರುಸಿಗಿಂತ ಮೇಲೆ ಕಟ್ಟಿ ಎಳೆದರೆ ಟ್ರಾಕ್ಟರ್ ಮುಂದೆ ಎದ್ದು ಹಿಂದಕ್ಕೆ ಮಗುಚಬಹುದು. ಪಿನ್ನಿನ ಬದಲು ಕೈಗೆ ಸಿಕ್ಕ ಸರಳನ್ನು ತೂರಿಸಬೇಡಿ. ಪಿನ್ನಿಗೆ ಕ್ಲಿಪ್ಪು, ಜೊತೆಗೆ ಒಂದು ಗಟ್ಟಿ ಸರಪಳಿ ಇರಲಿ.

ರಸ್ತೆಯ ಮೇಲೆ

ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹೇರು ತುಂಬಿದ ಟ್ರೇಲರ್ ಟ್ರಾಕ್ಟರಿಗಿಂತ ಭಾರವಾಗಿದ್ದು, ಇಳಿಜಾರಿನಲ್ಲಿ ಅದನ್ನು ಹಿಂದಿನಿಂದ ನೂಕುತ್ತದೆ. ರಸ್ತೆಗೆ ಇಳಿಯುವ ಮುನ್ನ ಎರಡು ಬ್ರೇಕ್ ಪೆಡಲುಗಳನ್ನೂ ಕೂಡಿಸಿ ಕೊಂಡಿ ಹಾಕಿ. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ.

ಟ್ರೇಲರಿನ ಹಿಂದೆ ಎರಡೂ ಬದಿಗೆ ಕೆಂಪು ಪ್ರತಿಫಲಕ, ಕೆಂಪು ದೀಪ ಇರಲೇಬೇಕು. ಕಬ್ಬಿನ ಹಂಗಾಮಿನಲ್ಲಿ ಕತ್ತಲೆಯ ರಸ್ತೆ ಬದಿ ಕೆಟ್ಟು ನಿಂತ ಟ್ರೇಲರಿಗೆ ಮೋಟಾರ್ ಸೈಕಲ್ ಸವಾರರು ಬಂದು ಬಡಿಯುವ ಸುದ್ದಿ ನೀವೂ ಓದಿರುತ್ತೀರಿ. ದೀಪ ಕೆಟ್ಟರೂ ಪ್ರತಿಫಲಕ ಕಾಣುತ್ತದೆ. ಅದರ ಮೇಲಿನ ಕೆಸರನ್ನು ದಿನವೂ ಒರೆಸಿ.

ಟ್ರಾಕ್ಟರ್ ಓಡಿಸಲು ಸರಿಯಾದ ಲೈಸೆನ್ಸ್ ಇದ್ದವರು, ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಹೇಳಿದೆ. ಆದರೆ ಲೈಸೆನ್ಸ್ ಇಲ್ಲದ ಹುಡುಗರ ಕೈಗೆ ಟ್ರಾಕ್ಟರ್ ಕೊಡುವುದು ಅಪರಾಧ. ಹೆಚ್ಚು ಭಾರ ಹೇರಿದರೆ, 2019ರ ತಿದ್ದುಪಡಿಯಂತೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಟ್ರೇಲರ್ ಸಾಮಾನು ಸಾಗಿಸುವುದಕ್ಕೆ, ಜನರನ್ನಲ್ಲ. ಕೂಲಿಯವರನ್ನು, ಮದುವೆ ದಿಬ್ಬಣವನ್ನು, ಜಾತ್ರೆಗೆ ಹೊರಟವರನ್ನು ಹೇರಿನ ಮೇಲೆ ಕೂರಿಸುವ ರೂಢಿ ನಮ್ಮಲ್ಲಿದೆ. ಟ್ರೇಲರ್ ಮಗುಚಿದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಕೃಷಿ ಬಳಕೆಗೆಂದು ಮಾಡಿಸಿದ ವಿಮೆ ಇಂಥ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲವೆಂದು ಕಂಪನಿಯವರು ವಾದಿಸುತ್ತಾರೆ. ಆ ವಾದ ನಿಂತರೆ ಪರಿಹಾರದ ಹೊರೆ ಮಾಲೀಕರ ತಲೆಗೆ ಬಂದು, ಜಮೀನೇ ಮಾರಬೇಕಾದೀತು. ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆಯುವಾಗ ಅವಘಡವಾದರೂ ಇಂಥದೇ ತಕರಾರು ಏಳುತ್ತದೆ. ವಿಮೆ ಮಾಡಿಸುವಾಗ ಟ್ರಾಕ್ಟರಿನ ಜೊತೆಗೆ ಟ್ರೇಲರಿನ ಸಂಖ್ಯೆಯೂ ಪಾಲಿಸಿಯಲ್ಲಿ ಬರೆದಿದೆಯೇ ಎಂದು ಓದಿ ನೋಡಿ.

ಪ್ರತಿ ಸಲ ಹೊರಡುವ ಮೊದಲು ಐದು ನಿಮಿಷ ಕೊಟ್ಟು ಪಿನ್ನು, ಸರಪಳಿ, ಚಕ್ರದ ನಟ್ಟು, ಟೈರಿನ ಗಾಳಿ, ಹಿಂದಿನ ದೀಪ, ಈ ಐದನ್ನೂ ಕಣ್ಣಾರೆ ನೋಡಿ. ಆಮೇಲೆ ಗಾಡಿ ಬಿಡಿ.