ಹಾಗರಳ ಕಡೆಯಿಂದ ಓದಿದಾಗ



ಬೈಬಲಿನ ಆದಿಕಾಂಡದಲ್ಲಿ ಹಾಗರಳೆಂಬ ಈಜಿಪ್ಟಿನ ದಾಸಿಯ ಕಥೆಯಿದೆ. ಒಡತಿ ಸಾರಳ ಕಿರುಕುಳ ತಾಳದೆ ಅವಳು ಮರಳುಗಾಡಿಗೆ ಓಡುತ್ತಾಳೆ. ಹಿಂತಿರುಗಿ ಒಡತಿಗೆ ತಗ್ಗಿ ನಡೆಯೆಂದು ದೇವದೂತ ಹೇಳುತ್ತಾನೆ. ಮುಂದೆ ಅಬ್ರಹಾಮನೇ ಅವಳನ್ನು ಮಗನೊಡನೆ ಹೊರಗೆ ಕಳುಹಿಸುತ್ತಾನೆ.

ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರ ಗಮನ ಅಬ್ರಹಾಮನ ಮೇಲಿತ್ತು. ಅಮೆರಿಕದ ಕಪ್ಪು ಜನಾಂಗದ ವಿದುಷಿ ಡೆಲೋರಿಸ್ ವಿಲಿಯಮ್ಸ್ 1993ರ ‘ಸಿಸ್ಟರ್ಸ್ ಇನ್ ದ ವೈಲ್ಡರ್ನೆಸ್’ ಗ್ರಂಥದಲ್ಲಿ ಹಾಗರಳನ್ನೇ ನಡುವೆ ನಿಲ್ಲಿಸಿದರು. ಗುಲಾಮಗಿರಿ ಅನುಭವಿಸಿದ ಸ್ತ್ರೀಯರ ಬಾಳನ್ನು ಅಲ್ಲಿ ಕಂಡರು. ದೇವರು ಅವಳಿಗೆ ಬಿಡುಗಡೆ ಕೊಡಲಿಲ್ಲವೇಕೆ? ಈ ಕಠಿಣ ಪ್ರಶ್ನೆಯನ್ನು ಅವರು ಮರೆಮಾಚಲಿಲ್ಲ. ಬದುಕುಳಿಯುವ ದಾರಿಯನ್ನು ತೋರಿದನೆಂದರು. 2017ರಲ್ಲಿ ವಿಲ್ ಗ್ಯಾಫ್ನಿ ‘ವುಮನಿಸ್ಟ್ ಮಿದ್ರಾಶ್’ನಲ್ಲಿ ಹೀಬ್ರೂ ಮೂಲವನ್ನು ಹಿಡಿದು ಇಂಥ ಸ್ತ್ರೀಯರತ್ತ ಮತ್ತೆ ನೋಡಿದರು.

ಗ್ರಂಥ ಒಂದೇ, ಓದುವವರು ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ. ಯಾವ ಗ್ರಂಥವನ್ನೇ ಓದಿರಿ, ಅಂಚಿನಲ್ಲಿ ನಿಂತವರು ಯಾರೆಂದು ಕೇಳಿಕೊಳ್ಳಿರಿ.